ಗದ್ದೆಯಲ್ಲಿ ಲಗ್ನ, ಆಕಾಶದಲ್ಲಿ ಗುಡುಗು

ತುರಿಮಣೆ ಪಕ್ಕ ಕೂತು ಕಾಯಿತುರಿ ಮುಕ್ಕುವ ಮಕ್ಕಳಿಗೆ ನಮ್ಮ ಕಡೆ ಒಂದೇ ಬೆದರಿಕೆ: ‘ತಿನ್ನು ತಿನ್ನು, ನಿನ್ನ ಮದುವೆ ದಿನ ಮಳೆ ಹುಯ್ಯುತ್ತೆ.’ ಕೆಲವು ಮನೆಗಳಲ್ಲಿ ಇದೇ ಮಾತನ್ನು ಹಸಿ ಅಕ್ಕಿ ತಿನ್ನುವವರಿಗೆ ಹೇಳುತ್ತಾರೆ. ಬೇಲಿಯಾಚೆಯ ಮನೆಯಾಕೆ ಮೊನ್ನೆ ಬಟ್ಟೆ ಒಣಹಾಕುತ್ತಾ ಸುದ್ದಿ ಹೇಳಿದರು. ಮಗಳಿಗೆ ಮೇ ಮೂರನೇ ವಾರ ಲಗ್ನ ಗೊತ್ತಾಗಿದೆಯಂತೆ. ಛತ್ರ ಬೇಡವಂತೆ, ಮಲೆನಾಡಿನ ತವರುಮನೆಯ ಗದ್ದೆಬಯಲಲ್ಲಿ, ಹಿಂದೆ ಗುಡ್ಡ ಕಾಣುವ ಹಾಗೆ ಮಂಟಪವಂತೆ. ‘ಮಳೆ ಬಂದರೆ?’ ಅಂದೆ. ‘ಅವಳು ಕಾಯಿತುರಿ ತಿಂದವಳೇ ಅಲ್ಲ ಬಿಡಿ’ ಅಂದರು.

ಈ ಭಂಡಧೈರ್ಯ ನನಗೆ ಇಷ್ಟವೇ. ಆದರೆ ಮೇ ಮೂರನೇ ವಾರ ಅಂದರೆ ಕೃತ್ತಿಕೆ ಮಳೆ ನಕ್ಷತ್ರ. ಅದರ ಬೆನ್ನಿಗೇ ರೋಹಿಣಿ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1, ನಿಜ. 2025ರಲ್ಲಿ ಅದು ಮೇ 24ಕ್ಕೇ ಬಂದು ಕೂತಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕೇರಳಕ್ಕೆ ಬಂದದ್ದು ಆಗುಂಬೆ ಘಾಟಿ ಹತ್ತುವುದಕ್ಕೆ ಎಷ್ಟು ಹೊತ್ತು!

ಇನ್ನೊಂದು ತಮಾಷೆ ನೋಡಿ. ಮಳೆ ಬೇಕು ಎನ್ನುವವರೂ ಬೇಡ ಎನ್ನುವವರೂ ಒಂದೇ ಮನೆಯವರು. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹೂಮಳೆ ಬಿದ್ದರೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ತೋಟದ ಯಜಮಾನ ಸ್ಪ್ರಿಂಕ್ಲರ್ ಪೈಪು ಹೊತ್ತು ಓಡಾಡಬೇಕು. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂದು ಗಾದೆ ಹೇಳುವುದೂ ಅವನೇ. ಮಗಳ ಮದುವೆ ಗೊತ್ತಾದ ವರ್ಷ ಮಾತ್ರ ದೇವರ ಮುಂದೆ ಅವನ ಅರ್ಜಿ ಬದಲಾಗುತ್ತದೆ: ಮಳೆ ಬರಲಿ ಸ್ವಾಮಿ, ಭಾನುವಾರ ಒಂದು ಬಿಟ್ಟು.

ಮದುವೆಗೂ ಮಳೆಗೂ ನಾವು ಗಂಟು ಹಾಕಿರುವುದೂ ಹಾಗೇ. ಮಳೆ ಬರಲೆಂದು ಕಪ್ಪೆಗಳಿಗೆ ಮದುವೆ ಮಾಡುತ್ತೇವೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂಬ ಕಪ್ಪೆಗಳಿಗೆ ಮಾಂಗಲ್ಯಧಾರಣೆ ಆಗಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅದೇ ವರ್ಷ ಭೋಪಾಲದವರು ಮಳೆಗೆಂದು ಮದುವೆ ಮಾಡಿಸಿದ ಕಪ್ಪೆ ಜೋಡಿಗೆ, ಮಳೆ ವಿಪರೀತವಾಯಿತೆಂದು ಸೆಪ್ಟೆಂಬರ್‌ನಲ್ಲಿ ವಿಚ್ಛೇದನವನ್ನೂ ಕೊಡಿಸಿದರು. ಮಳೆಯಲ್ಲಿ ನೆನೆದರೂ ಮದುಮಗಳ ಮೇಕಪ್ಪು ಕೆಡದ ಮದುವೆ ಅದೊಂದೇ ಇರಬೇಕು.

ಆಕಾಶ ನೋಡಿ ಹೆದರುವುದು ಆಮೇಲಾಯಿತು. ಬಯಲಿನ ಮದುವೆ ಇಟ್ಟವರು ಮೊದಲು ನೆಲ ನೋಡಬೇಕು. ಯಾರೂ ನೋಡುವುದಿಲ್ಲ. ಹೂವಿನ ಕಮಾನಿನ ಬಣ್ಣಕ್ಕೆ ಹದಿನೈದು ದಿನ ಚರ್ಚೆ, ನೀರು ಎಲ್ಲಿಗೆ ಹರಿಯಬೇಕು ಎಂಬುದಕ್ಕೆ ಹದಿನೈದು ನಿಮಿಷ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದರೆ ಇದೇ. ಗದ್ದೆಯನ್ನೇ ತೆಗೆದುಕೊಳ್ಳಿ. ಜನವರಿಯಿಂದ ಈಚೆ ಕೊಯ್ಲು ಮುಗಿದು ಒಣಗಿ ಟೊಣ್ಣೆಂದು ಬಿದ್ದಿರುತ್ತದೆ. ಪೇಟೆಯಿಂದ ಬಂದ ಡೆಕೋರೇಶನ್ ಹುಡುಗರಿಗೆ ಅದು ಕ್ರಿಕೆಟ್ ಮೈದಾನದಂತೆ ಕಾಣುತ್ತದೆ. ಆದರೆ ಗದ್ದೆ ಎಂಬುದು ನೀರು ನಿಲ್ಲಲೆಂದೇ ಅಜ್ಜ ಮುತ್ತಜ್ಜಂದಿರು ಮಟ್ಟ ಮಾಡಿ, ನಾಲ್ಕೂ ಕಡೆ ಅಂಚು ಕಟ್ಟಿದ ಜಾಗ. ಸುತ್ತಲ ಗುಡ್ಡದ ನೀರೆಲ್ಲ ಅಲ್ಲಿಗೇ ಇಳಿಯಬೇಕು, ಇಳಿದದ್ದು ಅಲ್ಲೇ ನಿಲ್ಲಬೇಕು. ಅಂಥಲ್ಲಿ ಮಂಟಪ ಹಾಕಿ, ಸಂಜೆ ಒಂದು ಗಂಟೆ ಮಳೆ ಹೊಡೆದ ಮೇಲೆ ‘ಅಯ್ಯೋ, ನೀರು ನಿಂತುಬಿಟ್ಟಿತು’ ಎಂದರೆ ಗದ್ದೆಯ ತಪ್ಪೇನು?

ಅಲ್ಲಿನ ಆಳುಗಳನ್ನು ಕೇಳಿ, ಅವರಿಗೆ ಇದು ಗೊತ್ತಿರುತ್ತದೆ. ತಗ್ಗಿನ ಕಡೆಯ ಅಂಚನ್ನು ಒಂದು ಮೊಳ ಅಗಲಕ್ಕೆ ಗುದ್ದಲಿಯಲ್ಲಿ ಕಡಿದು ಕಂಡಿ ಬಿಡಿಸುತ್ತಾರೆ. ಚಪ್ಪರದ ಮೇಲ್ಮಗ್ಗುಲಿಗೆ ಅಡ್ಡಲಾಗಿ ಒಂದು ಅಗಳು ತೋಡಿ, ಗುಡ್ಡದಿಂದ ಬಂದ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಇಬ್ಬರಿಗೆ ಅರ್ಧ ದಿನದ ಕೆಲಸ. ಮಂಟಪದ ಹೂವಿನ ಬಿಲ್ಲಿನಲ್ಲಿ ಒಂದು ಕಾರ್ನೇಶನ್ ಗೊಂಚಲು ಕಮ್ಮಿ ಮಾಡಿದರೆ ಈ ಕೂಲಿ ಹುಟ್ಟುತ್ತದೆ.

ಕಾರು ನಿಲ್ಲಿಸುವ ಗದ್ದೆಯ ಕತೆಯಂತೂ ಬೇರೆಯೇ. ಬರುವಾಗ ಧೂಳೆಬ್ಬಿಸಿಕೊಂಡು ಬಂದ ಕಾರುಗಳು ಮಳೆ ಬಿದ್ದ ಮೇಲೆ ಚಕ್ರ ತಿರುಗಿಸಿದಷ್ಟೂ ಹೂಳುತ್ತವೆ. ರೇಷ್ಮೆ ಪಂಚೆ ಮೇಲೆ ಕಟ್ಟಿಕೊಂಡ ಬೀಗರು ಹಿಂದಿನಿಂದ ನೂಕುತ್ತಾರೆ. ಡ್ರೈವರ್ ಸೀಟಿನಲ್ಲಿರುವ ಅಳಿಯ ಆಕ್ಸಿಲರೇಟರ್ ಒತ್ತುತ್ತಾನೆ. ಬೀಗರ ಶಲ್ಯದ ಜರಿ ಯಾವುದು, ಕೆಸರು ಯಾವುದು ತಿಳಿಯುವುದಿಲ್ಲ. ಊರಲ್ಲಿ ಟ್ರ್ಯಾಕ್ಟರ್ ಇರುವವನಿಗೆ ಕರೆಯೋಲೆಯನ್ನು ಅಂಚೆಯಲ್ಲಿ ಹಾಕಬೇಡಿ, ಮನೆಗೇ ಹೋಗಿ ಎಲೆಅಡಿಕೆ ಕೊಟ್ಟು ಕರೆಯಿರಿ. ಊಟ ಮುಗಿಸಿ ಬೇಗ ಹೊರಡದ ಹಾಗೆಯೂ ನೋಡಿಕೊಳ್ಳಿ.

ಹಳೆಯವರು ಮುಹೂರ್ತವನ್ನು ಬೆಳಗ್ಗೆ ಇಡುತ್ತಿದ್ದುದು ಪಂಚಾಂಗದ ಲೆಕ್ಕ. ಆದರೆ ಮಳೆಯ ಲೆಕ್ಕಕ್ಕೂ ಅದು ಸರಿಹೋಗುತ್ತದೆ. ಏಪ್ರಿಲ್-ಮೇ ತಿಂಗಳ ಮಳೆ ಹುಟ್ಟುವುದು ಹಗಲಿನ ಕಾವಿನಿಂದ. ಬೆಳಗಿನಿಂದ ನೆಲ ಕಾದು, ಬಿಸಿಗಾಳಿ ಮೇಲೇರಿ, ಮೋಡ ಗೋಪುರ ಕಟ್ಟಿ ನಿಲ್ಲುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಸುರಿಯುವುದು ಹೆಚ್ಚಾಗಿ ಇಳಿಹೊತ್ತಿಗೆ, ಸಂಜೆಗೆ. ಒಂಬತ್ತೂವರೆಗೆ ಧಾರೆ ಎರೆದು ಒಂದೂವರೆಗೆ ಊಟ ಮುಗಿಸಿದ ಕಾಲದವರಿಗೆ ಮಳೆ ಬಂದರೆ ಎಲೆ ತೆಗೆಯುವವರಿಗಷ್ಟೇ ತೊಂದರೆ. ನಾವು ಸಂಜೆ ಆರೂವರೆಗೆ ಲಾನಿನಲ್ಲಿ ರಿಸೆಪ್ಶನ್ ಇಟ್ಟು, ಗುಡುಗಿನ ಟೈಮಿಗೇ ಸರಿಯಾಗಿ ಸೀರಿಯಲ್ ಲೈಟು ಹಚ್ಚುತ್ತೇವೆ. ಬಯಲೇ ಬೇಕು ಎನ್ನುವವರು ಧಾರೆಯನ್ನು ಬಯಲಲ್ಲಿಟ್ಟು ರಿಸೆಪ್ಶನ್ನನ್ನು ಸೂರಿನಡಿಗೆ ತರಲಿ. ನಡೆಯುತ್ತಿರುವುದು ಇದರ ತಿರುಗಮುರುಗ.

ದೀಪಾವಳಿ ಕಳೆದು ತುಳಸಿ ಪೂಜೆಯಾದ ಮೇಲಿನ ಲಗ್ನಗಳಿಗೆ ಈ ಲೆಕ್ಕ ನಡೆಯದು. ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರು, ಕೋಲಾರದ ಕಡೆ ಬೆಳಗ್ಗೆಯೂ ಜಿಟಿಜಿಟಿ, ರಾತ್ರಿಯೂ ಜಿಟಿಜಿಟಿ. ಗುಡುಗಿಲ್ಲ, ಗಾಳಿಯೂ ಅಷ್ಟಿಲ್ಲ, ಬಿಡುವುದೂ ಇಲ್ಲ. ಅದಕ್ಕೆ ಸರಿಯಾದ ಸೂರೊಂದೇ ದಾರಿ.

ಶಾಮಿಯಾನದ ವಿಚಾರ. ಬಣ್ಣದ ಬಟ್ಟೆಯ ಶಾಮಿಯಾನ ಬಿಸಿಲಿಗೆ ಮಾಡಿದ್ದು, ಮಳೆಗಲ್ಲ. ಮೇಲೆ ಟಾರ್ಪಾಲು ಹೊದಿಸಿದರೂ ಇಳಿಜಾರು ಕೊಡದಿದ್ದರೆ ನಡುವೆ ಜೋಲು ಬಿದ್ದು ನೀರು ತುಂಬುತ್ತದೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜೋಲಿನಲ್ಲಿ ಒಂದು ಗೇಣಿಗೂ ಕಮ್ಮಿ, ಬರೀ 10 ಸೆಂಟಿಮೀಟರ್ ನೀರು ನಿಂತರೆ 400 ಕೆ.ಜಿ. ಎಂಟು ಮೂಟೆ ಅಕ್ಕಿ ನೆಂಟರ ತಲೆಯ ಮೇಲೆ ತೂಗಾಡಿದ ಲೆಕ್ಕ. ಆಗ ಯಾರೋ ಉತ್ಸಾಹಿ ಹುಡುಗ ಬಿದಿರಿನ ಗಳ ಹಿಡಿದು ಕೆಳಗಿನಿಂದ ಎತ್ತುತ್ತಾನೆ. ನೀರು ಅಂಚಿನಿಂದ ದಬದಬ ಸುರಿಯುವುದು ಯಾವಾಗಲೂ ಗಂಡಿನ ಕಡೆಯವರು ಕೂತಲ್ಲಿಗೇ. ಆಮೇಲಿನದು ನಿಮಗೆ ಗೊತ್ತು.

ಮಳೆಗಿಂತ ಮುಂಚೆ ಬರುವುದು ಗಾಳಿ. ಸೆಕೆ ಒಮ್ಮೆಲೇ ನಿಂತು, ತಣ್ಣನೆ ಗಾಳಿ ಧೂಳು ಹೊತ್ತು ನುಗ್ಗಿದರೆ ಹನಿ ಹತ್ತಿರವೇ ಇದೆ ಎಂದರ್ಥ. ಹೂವಿನ ಕಮಾನು ಮಗುಚುವುದು, ಬಾಳೆಎಲೆ ಹಾರುವುದು ಎಲ್ಲ ಈ ಗಾಳಿಗೇ. ಮೂರು ಕಡೆ ಪರದೆ ಕಟ್ಟಿ, ಗಾಳಿ ಬರುವ ದಿಕ್ಕಿಗೇ ಬಾಯಿ ತೆರೆದಿಟ್ಟ ಟೆಂಟು ಒಳಗೆ ಗಾಳಿ ತುಂಬಿಕೊಂಡು ಗೂಟ ಸಮೇತ ಏಳುತ್ತದೆ. ಹಗ್ಗ ಕಟ್ಟುವವನನ್ನು ಊಟ ಹಾಕಿ ಕಳಿಸಿಬಿಡಬೇಡಿ. ಮದುವೆ ಮುಗಿಯುವವರೆಗೆ ಅವನು ಅಲ್ಲೇ ಇರಲಿ ಎಂದು ಮೊದಲೇ ಮಾತಾಡಿ.

ಒದ್ದೆ ನೆಲದಲ್ಲಿ ಇನ್ಸುಲೇಶನ್ ಟೇಪು ಸುತ್ತಿದ ವೈರಿನ ಗಂಟು, ಅದರ ಪಕ್ಕ ಕಬ್ಬಿಣದ ಕಂಬ: ಇದನ್ನು ಕಂಡರೆ ಮಾತ್ರ ನನಗೆ ತಮಾಷೆ ಹೊಳೆಯುವುದಿಲ್ಲ. ಲೈಟಿನವನಿಗೆ ಒಂದೇ ಪ್ರಶ್ನೆ ಕೇಳಿ, ‘ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಹಾಕಿದ್ದೀಯಾ?’ ಅವನು ಮುಖ ಮುಖ ನೋಡಿದರೆ ಬೇರೆಯವನನ್ನು ಹುಡುಕಿ. ಸಿಡಿಲಿಗೂ ಟೆಂಟು ಆಸರೆಯಲ್ಲ. ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ 30 ಎಣಿಸಲು ಆಗದಿದ್ದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಆಗ ಜನ ಮನೆಯೊಳಗೆ, ಇಲ್ಲವೇ ಕಿಟಕಿ ಮುಚ್ಚಿದ ಕಾರಿನೊಳಗೆ ಇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ ಆ್ಯಪ್ ಸುತ್ತಮುತ್ತಲ ಸಿಡಿಲನ್ನು ತೋರಿಸುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ರೈತರಿಗೆಂದು ಶುರುವಾದದ್ದು. ಮದುವೆಯ ವಾರ ಹೆಣ್ಣಿನ ತಂದೆಗಿಂತ ಮಳೆಯ ಚಿಂತೆ ಹೆಚ್ಚಿರುವ ರೈತ ಸಿಗಲಿಕ್ಕಿಲ್ಲ, ಅವರೂ ಫೋನ್ ಮಾಡಲಿ. ತಿಂಗಳ ಮುಂಚೆಯೇ ಮೊಬೈಲಿನಲ್ಲಿ ‘ಆ ದಿನ ಬಿಸಿಲು’ ಎಂದು ಕಂಡರೆ ಅದನ್ನು ರಾಶಿಭವಿಷ್ಯದ ಪಕ್ಕ ಇಡಿ. ನಂಬಿಕೆಗೆ ಬರುವುದು ಹವಾಮಾನ ಇಲಾಖೆ ಮೂರು ಗಂಟೆ ಮುಂಚಿತವಾಗಿ ಕೊಡುವ ಎಚ್ಚರಿಕೆ.

ಎಚ್ಚರಿಕೆ ಬಂತು ಅನ್ನಿ. ‘ಎಲ್ಲ ಒಳಗೆ ನಡೆಯಿರಿ’ ಎಂದು ಹೇಳುವವರು ಯಾರು? ಹೆಣ್ಣಿನ ತಂದೆ ಮಂಟಪದಲ್ಲಿ ಕಟ್ಟುಬಿದ್ದಿರುತ್ತಾರೆ. ಇವೆಂಟಿನವನಿಗೆ ಹೂವು ವ್ಯರ್ಥವಾಗುವ ಚಿಂತೆ. ಫೋಟೋದವನಿಗೆ ಕಪ್ಪು ಮೋಡದ ಹಿನ್ನೆಲೆ ಬಿಟ್ಟುಹೋಗಲು ಮನಸ್ಸಿಲ್ಲ. ಪುರೋಹಿತರು ‘ಇನ್ನೇನು ಐದು ನಿಮಿಷ’ ಅನ್ನುತ್ತಾರೆ, ಅವರ ಐದು ನಿಮಿಷ ನಮಗೆ ಗೊತ್ತಿದ್ದದ್ದೇ. ಪ್ರತಿ ಮನೆತನದಲ್ಲೂ ಯಾರ ಮುಲಾಜಿಗೂ ಬೀಳದ ಒಬ್ಬ ಅತ್ತೆ ಇರುತ್ತಾರಲ್ಲ, ಆ ಅಧಿಕಾರವನ್ನು ಅವರಿಗೆ ಕೊಡಿ. ಅವರು ಏಳು ಎಂದರೆ ಏಳಬೇಕು, ಗಂಡಿನ ಕಡೆಯವರೂ ಸೇರಿ.

ಅಡುಗೆಯವರನ್ನು ಮರೆಯಬೇಡಿ. ಮಂಟಪ ನೆನೆದರೆ ನಾಲ್ಕು ದಿನದ ಮಾತು, ಊಟ ಕೆಟ್ಟರೆ ನಲವತ್ತು ವರ್ಷ ಆಡಿಕೊಳ್ಳುತ್ತಾರೆ. ಇರುವ ಒಂದು ಒಳ್ಳೆಯ ತಗಡಿನ ಚಪ್ಪರ ಒಲೆಗೆ ಹಾಕಿ, ನೆಂಟರಿಗಲ್ಲ. ಸೌದೆ ಕೊಟ್ಟಿಗೆಯ ಅಟ್ಟದ ಮೇಲಿರಲಿ, ಹಪ್ಪಳ ಮುಚ್ಚಿದ ಡಬ್ಬದಲ್ಲಿರಲಿ. ಕೈತೊಳೆಯುವ ಜಾಗಕ್ಕೆ ಜಲ್ಲಿ ಸುರಿಸಿ. ಅಜ್ಜಿಯರು ಜಾರುವುದು ಅಲ್ಲೇ.

ಇಷ್ಟೆಲ್ಲ ರಗಳೆ ಏಕೆ ಎನ್ನುವವರಿಗೆ ಬೇರೆ ದಾರಿಗಳಿವೆ. ಮನೆ ಬಿಟ್ಟು ಓಡಿಹೋಗಿ ಮದುವೆಯಾಗುವವರಿಗೆ ಅಪ್ಪನ ಭಯ ಇರಬಹುದು, ಮಳೆಯ ಭಯವಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಸೋರಿದರೂ ಸೂರಂತೂ ಇದೆ. ವಿಶೇಷ ವಿವಾಹ ಕಾಯ್ದೆಯಲ್ಲಾದರೆ 30 ದಿನದ ನೋಟಿಸು ಬೇಕು, ಹಾಗಾಗಿ ಓಟ ಸ್ವಲ್ಪ ನಿಧಾನ. ಓಡುವ ಪ್ರಸಂಗವೇ ಬೇಡ ಎಂದರೆ ಮಂತ್ರಮಾಂಗಲ್ಯವಿದೆ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯ ಮದುವೆ ಮಾಡಿದ್ದು ಆ ಕ್ರಮದಲ್ಲೇ. ಅದ್ದೂರಿ ಇಲ್ಲ, ದಿಬ್ಬಣವಿಲ್ಲ. ಮೂವತ್ತು ಜನರ ಮದುವೆಯನ್ನು ಹನಿ ಬಿದ್ದ ಕೂಡಲೇ ಅಂಗಳದಿಂದ ಜಗಲಿಗೆ ಎತ್ತಿಕೊಂಡು ಹೋಗಬಹುದು. ಮೂರು ಸಾವಿರ ಜನರದನ್ನು ಎಲ್ಲಿಗೆ ಎತ್ತುತ್ತೀರಿ?

ಬೇಲಿಯಾಚೆಯವರು ಮೂರು ಸಾವಿರದವರು. ಗದ್ದೆಯನ್ನು ಬಿಡುವವರೂ ಅಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಜಾಗ ನೋಡಲು ಹೋಗುವವರು ಸಾಮಾನ್ಯವಾಗಿ ಒಳ್ಳೆಯ ಬಿಸಿಲಿರುವ ದಿನ ಆರಿಸಿ ಹೋಗುತ್ತಾರೆ. ನೀವು ಏಪ್ರಿಲ್‌ನಲ್ಲಿ ಒಂದು ಜೋರು ಮಳೆ ಹೊಡೆದ ಮರುದಿನ ಬೆಳಗ್ಗೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಸುತ್ತು ನಡೆಯಿರಿ. ಕಾಲು ಹುಗಿದಲ್ಲಿ ಮಂಟಪ ಹಾಕಬೇಡಿ.