ಗಿಟಾರ್ ಖರೀದಿಯಲ್ಲಿ ಪ್ರಮಾಣ ವಿಚಾರ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯನ್ನು ಕುರಿತು

ಗಿಟಾರ್ ಖರೀದಿ ಎರಡು ಬಗೆ: ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು, ಫೋನಿನಲ್ಲಿ ನೋಡಿ ಕೊಳ್ಳುವುದು. ಮೊದಲನೆಯದಕ್ಕೆ ಅಂಗಡಿ ಬೇಕು, ಎರಡನೆಯದಕ್ಕೆ ಪಿನ್‌ಕೋಡ್ ಸಾಕು. ಚಾಮರಾಜನಗರದ ಪಿನ್‌ಕೋಡ್ 571313, ಗುಂಡ್ಲುಪೇಟೆಯದು 571111. ಗಿಟಾರ್‌ಗಳನ್ನು ಗೋಡೆಯುದ್ದಕ್ಕೂ ನೇತುಹಾಕಿ ‘ನುಡಿಸಿ ನೋಡಿ ಸಾರ್’ ಎನ್ನುವ ದೊಡ್ಡ ಅಂಗಡಿ ಬೇಕೆಂದರೆ ಎರಡೂ ಊರಿನವರು ಸುಮಾರು ಅರವತ್ತು ಕಿಲೋಮೀಟರ್ ದೂರದ ಮೈಸೂರಿನ ಕಡೆ ಮುಖ ಮಾಡುವುದು ರೂಢಿ. ಪ್ರಸ್ತುತ ಶಾಸ್ತ್ರ ಹುಟ್ಟಿದ್ದು ಈ ಅರವತ್ತು ಕಿಲೋಮೀಟರಿನಿಂದ. ಪಕ್ಕದ ಬೀದಿಯ ಅಂಗಡಿಗೆ ಯಾರೂ ಶಾಸ್ತ್ರ ಕಟ್ಟುವುದಿಲ್ಲ, ಹೋಗಿ ಬರುತ್ತಾರೆ.

ಖುದ್ದು ಬಾರದೆ ವ್ಯವಹಾರ ಮುಗಿಸುವುದಕ್ಕೆ ಈ ಸೀಮೆಯಲ್ಲಿ ದೊಡ್ಡ ಪೂರ್ವನಿದರ್ಶನವೇ ಉಂಟು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, 1997ರಲ್ಲಿ, ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆ ಹುಟ್ಟಿತು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಒಂದು ಇಡೀ ಜಿಲ್ಲೆಯೇ ಹೀಗೆ ದೂರದಿಂದ ಡೆಲಿವರಿ ಆಗಿರುವಾಗ ಗಿಟಾರ್ ಯಾವ ಲೆಕ್ಕ ಎಂಬುದು ಆನ್‌ಲೈನ್ ಪಂಥದ ವಾದ. ಅಂಗಡಿ ಪಂಥದವರು ಇದಕ್ಕೆ ಸಿದ್ದರಾಮಯ್ಯನವರನ್ನು ಎದುರಿಡುತ್ತಾರೆ: 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ ಅವರು ಚಾಮರಾಜನಗರಕ್ಕೆ ಹಲವು ಸಲ ಬಂದು ಹೋಗಿಯೂ ಐದು ವರ್ಷ ಪೂರೈಸಿದರು; ಖುದ್ದು ಹೋದರೆ ನಷ್ಟ ಎಂಬ ಸಿದ್ಧಾಂತ ಅಲ್ಲಿಗೆ ಬಿದ್ದುಹೋಯಿತು. ಆನ್‌ಲೈನ್ ಪಂಥದ ಮಾರುತ್ತರ ಚಿಕ್ಕದು: ಮುಖ್ಯಮಂತ್ರಿಗೆ ಬಸ್ ಚಾರ್ಜ್ ಇಲ್ಲ.

ಹಾಗಾದರೆ ಗಿಟಾರ್ ಒಳ್ಳೆಯದೆಂದು ತಿಳಿಯುವುದು ಹೇಗೆ? ತಿಳಿವಿಗೆ ನ್ಯಾಯದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಾಲ್ಕೂ ಗಿಟಾರಿಗೆ ಅನ್ವಯಿಸುತ್ತವೆ. ಪೆಟ್ಟಿಗೆಯ ಮೂಲೆ ಜಜ್ಜಿರುವುದನ್ನು ಕಂಡು ಒಳಗೆ ಕುತ್ತಿಗೆ ಮುರಿದಿದೆ ಎಂದುಕೊಳ್ಳುವುದು ಅನುಮಾನ. ‘ಪಕ್ಕದ ಮನೆ ಹುಡುಗನ ಗಿಟಾರ್ ಥರದ್ದೇ, ಬಣ್ಣ ಮಾತ್ರ ಬೇರೆ’ ಎಂಬುದು ಉಪಮಾನ. ಶಬ್ದವೆಂದರೆ ಆಪ್ತವಾಕ್ಯ, ಅದು ನಕ್ಷತ್ರಗಳ ರೂಪದಲ್ಲಿ ಬರುತ್ತದೆ. ‘ಪ್ಯಾಕಿಂಗ್ ಚೆನ್ನಾಗಿತ್ತು, ಮಗ ಇನ್ನೂ ಕಲಿಯಬೇಕು’ ಎಂದು ಐದು ನಕ್ಷತ್ರ ಕೊಟ್ಟವರನ್ನು ಆಪ್ತರೆಂದು ಎಣಿಸಬಹುದೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಅವರ ಪ್ರಾಮಾಣಿಕತೆಯ ಬಗ್ಗೆ ಇಲ್ಲ.

ಉಳಿದದ್ದು ಪ್ರತ್ಯಕ್ಷ. ಅದರ ವಿಧಿ ಹೀಗಿದೆ. ಗಿಟಾರನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ಕುತ್ತಿಗೆಯುದ್ದಕ್ಕೂ ನೋಡಬೇಕು. ಕುತ್ತಿಗೆ ತೀರಾ ಬಾಗಿರಬಾರದು, ತಿರುಚಿಕೊಂಡಂತೂ ಇರಲೇಬಾರದು. ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳೇ ಫ್ರೆಟ್; ಹನ್ನೆರಡನೆಯ ಫ್ರೆಟ್‌ನ ಹತ್ತಿರ ದಪ್ಪ ತಂತಿಗೂ ಫ್ರೆಟ್‌ಗೂ ನಡುವಿನ ಸಂದು ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಒಳ್ಳೆಯದು. ನಾಲ್ಕಕ್ಕೆ ಹೋದರೆ ಹೊಸಬರ ಬೆರಳು ಬೇಗನೆ ಸಂಗೀತಸನ್ಯಾಸ ಸ್ವೀಕರಿಸುತ್ತದೆ. ಅದೇ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಸೋಕಿ ಮೀಟಿದಾಗಿನ ಸ್ವರವೂ ಒತ್ತಿ ಮೀಟಿದಾಗಿನ ಸ್ವರವೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಮೇಲೆ ಹೋದಂತೆಲ್ಲ ಶ್ರುತಿ ಜಾರುತ್ತದೆ. ಆಮೇಲೆ ಆರೂ ತಂತಿಗಳನ್ನು ಫ್ರೆಟ್‌ನಿಂದ ಫ್ರೆಟ್‌ಗೆ ಒತ್ತುತ್ತಾ ಎಲ್ಲಾದರೂ ‘ಝರ್’ ಎನ್ನುತ್ತದೆಯೇ ಎಂದು ಕಿವಿಗೊಡಬೇಕು. ರೈತ ತೆಂಗಿನಕಾಯಿಯನ್ನು ತಟ್ಟಿ ಒಳಗಿನದನ್ನು ಹೇಳುವಂತೆ, ಪಳಗಿದವರು ಮುಂದಿನ ಹಲಗೆ ತಟ್ಟಿಯೇ ಒಳಗೆ ಯಾವುದೋ ಪಟ್ಟಿ ಅಂಟು ಬಿಟ್ಟಿದೆ ಎನ್ನುತ್ತಾರೆ.

ಈ ವಿಧಿಗೆ ತೊಡಕು ಒಂದೇ: ಇದನ್ನು ನೆರವೇರಿಸಲು ಗಿಟಾರ್ ಬರಬೇಕು. ಮೊದಲ ಗಿಟಾರ್ ಕೊಳ್ಳುವವನಿಗೆ ಅದು ಬರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ನಿಜವಾಗಿ ನಡೆಯುವುದು ಬೇರೆ. ಗಿರಾಕಿ ಒಂದು ತಂತಿಯನ್ನು ಹೆಬ್ಬೆರಳಿನಿಂದ ಎಳೆದು, ಯಾರಾದರೂ ನೋಡಿಬಿಟ್ಟರೇ ಎಂದು ಸುತ್ತ ಕಣ್ಣಾಡಿಸುತ್ತಾನೆ. ಅಂಗಡಿಯವರು ‘ಕೊಡಿ ಇಲ್ಲಿ’ ಎಂದು ಇಸಿದುಕೊಂಡು, ಶ್ರುತಿ ಸೇರಿಸಿ, ಹಳೆಯ ಸಿನಿಮಾ ಹಾಡಿನ ಒಂದು ತುಣುಕು ನುಡಿಸುತ್ತಾರೆ. ‘ಸೌಂಡ್ ಕೇಳಿದ್ರಾ ಸಾರ್?’ ಕೇಳಿಸಿತು. ಕೇಳಿಸಿದ್ದು ಅಂಗಡಿಯವರ ಎಷ್ಟೋ ವರ್ಷದ ಸಾಧಕ. ಅದನ್ನು ಗಿಟಾರ್ ಜೊತೆ ಕಟ್ಟಿಕೊಡುವುದಿಲ್ಲ. ಹೀಗೆ ಪ್ರತ್ಯಕ್ಷವೆಂದು ಹೊರಟದ್ದು ಕೊನೆಗೆ ಶಬ್ದಪ್ರಮಾಣವೇ ಆಗಿ ನಿಲ್ಲುತ್ತದೆ: ಅಂಗಡಿಯಲ್ಲಿ ಒಬ್ಬರ ಮಾತು, ಫೋನಿನಲ್ಲಿ ಸಾವಿರ ಜನರ ಮಾತು. ಎರಡೂ ಪಂಥದವರು ಇದನ್ನು ಒಪ್ಪುವುದಿಲ್ಲ. ಒಪ್ಪಿಬಿಟ್ಟರೆ ಜಗಳಕ್ಕೆ ವಿಷಯವೇ ಇರುವುದಿಲ್ಲ.

ಇದೇ ಸೀಮೆ ತನ್ನ ಸ್ವಂತ ವಾದ್ಯಗಳ ವಿಷಯದಲ್ಲಿ ಈ ತೊಡಕನ್ನು ಎಂದೋ ಬಿಡಿಸಿಕೊಂಡಿದೆ. ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿಯುವುದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿಯುವುದು ದೀಕ್ಷೆ ಪಡೆದು. ಕಂಸಾಳೆಯ ಬಟ್ಟಲಾಕಾರದ ತಾಳ ಎಡಗೈಯಲ್ಲಿ ಕೂರುತ್ತದೆ. ಚಪ್ಪಟೆಯ ಇನ್ನೊಂದು ತಾಳ ದಾರದ ತುದಿಯಲ್ಲಿ ಬಲಗೈಯಿಂದ ಬೀಸಿ ಬಂದು ಅದಕ್ಕೆ ಬಡಿಯುತ್ತದೆ. ಅಲ್ಲಿ ವಾದ್ಯಕ್ಕಿಂತ ಮೊದಲು ಗುರು ಸಿಗುತ್ತಾನೆ, ಆದ್ದರಿಂದ ಲೋಹ ಒಡಕೋ ಅಲ್ಲವೋ ಎಂದು ಹೇಳಬಲ್ಲ ಕಿವಿ ಪಕ್ಕದಲ್ಲೇ ಇರುತ್ತದೆ. ಗಿಟಾರ್‌ನಲ್ಲಿ ಕ್ರಮ ತಿರುಗುಮುರುಗು: ಮೊದಲು ವಾದ್ಯ, ಆಮೇಲೆ ಯೂಟ್ಯೂಬ್, ಗುರು ಸಿಕ್ಕರೆ ಸಿಕ್ಕ. ದೀಕ್ಷೆಯ ಜಾಗದಲ್ಲಿ ಅನ್‌ಬಾಕ್ಸಿಂಗ್ ಇದೆ. ಒಬ್ಬರು ಫೋನ್ ಹಿಡಿದು ವಿಡಿಯೊ ಮಾಡುತ್ತಾರೆ, ಒಬ್ಬರು ತರಕಾರಿ ಚಾಕುವಿನಿಂದ ಟೇಪ್ ಕುಯ್ಯುತ್ತಾರೆ, ಅಜ್ಜಿ ‘ಅಷ್ಟ್ ದೊಡ್ ಪೆಟ್ಗೇಲಿ ಏನ್ಲಾ ಅದು’ ಎಂದು ಮಂತ್ರ ಹೇಳುತ್ತಾರೆ. ವಿಡಿಯೊ ನೆನಪಿಗಲ್ಲ, ವಾಪಸ್ ಕಳಿಸಬೇಕಾದರೆ ಸಾಕ್ಷಿಗೆ.

ಸಾಕ್ಷಿ ಬೇಕಾಗುವುದಕ್ಕೂ ಕಾರಣವಿದೆ: ಮನೆ ಸೇರುವ ಹೊತ್ತಿಗೆ ಕುತ್ತಿಗೆ ಬಾಗಿರಬಹುದು. ಉಕ್ಕಿನ ತಂತಿಯ ಗಿಟಾರ್ ಶ್ರುತಿಯಲ್ಲಿದ್ದಾಗ ಆರು ತಂತಿಗಳೂ ಸೇರಿ ಸುಮಾರು 70 ಕಿಲೋ ತೂಕದ ಬಲದಿಂದ ಕುತ್ತಿಗೆಯನ್ನು ಎಳೆಯುತ್ತವೆ. ಅದನ್ನು ತಡೆಯಲೆಂದೇ ಒಳಗೊಂದು ಲೋಹದ ಸರಳು. ಗಾಳಿಯ ತೇವಾಂಶ ಶೇ. 45ರಿಂದ 55ರೊಳಗೆ ಇರಲಿ ಎಂದು ತಯಾರಕರು ಬಯಸುತ್ತಾರೆ. ಬೇಸಿಗೆಯ ಚಾಮರಾಜನಗರಕ್ಕೆ ಈ ಬಯಕೆಯನ್ನು ಯಾರೂ ತಿಳಿಸಿಲ್ಲ. ಅಗ್ಗದ ಗಿಟಾರ್‌ಗಳು ಪದರಪದರವಾಗಿ ಅಂಟಿಸಿದ ಹಲಗೆಯವಾದ್ದರಿಂದ ಹವೆಗೆ ಅಷ್ಟಾಗಿ ಜಗ್ಗುವುದಿಲ್ಲ. ಇನ್ನು ಪಾರ್ಸೆಲ್ಲೇ ತಡವಾದರೆ ಗುಂಡ್ಲುಪೇಟೆಯಲ್ಲಿ ಬಂಡೀಪುರದ ಆನೆಯನ್ನು ದೂರುವ ವಿದ್ವಾಂಸರೂ ಸಿಕ್ಕಾರು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವು ಬಸ್ಸು ಮತ್ತು ತುರ್ತು ವಾಹನ ಬಿಟ್ಟರೆ, ಸಂಚಾರ ನಿಷೇಧ ಇರುವುದು ನಿಜ. ಆದರೆ ಅದು ಊಟಿ, ವಯನಾಡಿನ ದಿಕ್ಕು. ಮೈಸೂರಿನ ಕಡೆಯಿಂದ ಬರುವ ಗಿಟಾರಿಗೆ ಆನೆ ಅಡ್ಡ ಬರುವುದಿಲ್ಲ.

ಆ ಕಾಡಿನ ಇನ್ನೊಬ್ಬ ನಿವಾಸಿಗೆ ಮಾತ್ರ ಗಿಟಾರ್ ಜೊತೆ ನೇರ ನೆಂಟಸ್ತಿಕೆ: ಬೀಟೆ ಮರ. ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತನ್ನು ಬಿಗಿ ಮಾಡಿದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು; ಅಲ್ಲಿಂದೀಚೆಗೆ ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರ್‌ಗಳ ಬೆನ್ನಿಗೂ ಪಕ್ಕೆಗೂ ದಕ್ಷಿಣ ಭಾರತದ ಮರವೇ. 2017ರಲ್ಲಿ, ಅಳಿವಿನ ಭೀತಿಯ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಹೇರಿತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಗುಂಡ್ಲುಪೇಟೆಯವನು ಬಂಡೀಪುರದ ಬೀಟೆಯ ಕೊಂಬೆ ಕಡಿದರೆ ಕೇಸು. ಅದೇ ಜಾತಿಯ ಮರ ಮಾರ್ಟಿನ್ ಕಂಪನಿಯಿರುವ ಪೆನ್ಸಿಲ್ವೇನಿಯಕ್ಕೆ ಹೋಗಿ ಗಿಟಾರ್ ಆಗಿ ಮರಳಿದರೆ ಇಎಂಐ. ಮೂರು-ನಾಲ್ಕು ಸಾವಿರದ ಗಿಟಾರಿಗೆ ಈ ಚರ್ಚೆ ಹತ್ತುವುದಿಲ್ಲ. ಅದರಲ್ಲಿ ಬೀಟೆ ಇದ್ದರೆ ಬಣ್ಣದಲ್ಲಿ.

ಇನ್ನು ಖರ್ಚಿನ ವಿಚಾರ. ಆನ್‌ಲೈನ್‌ನಲ್ಲಿ ನೂರಾರು ರೂಪಾಯಿ ಉಳಿಯುವುದುಂಟು. ಆದರೆ ತಂತಿ ಎತ್ತರವಾಗಿದ್ದರೆ ಕೆಳಗೆ ತಂತಿಯನ್ನು ಹೊರುವ ಸ್ಯಾಡಲ್ ಉಜ್ಜಿಸಬೇಕು, ಕುತ್ತಿಗೆಯ ಸರಳು ತಿರುಗಿಸಬೇಕು, ಅದಕ್ಕೆ ಕೈಪಳಗಿದವರು ಬೇಕು. ಹೀಗೆ ಮೈಸೂರು ಬಸ್ ತಪ್ಪಿಸಲೆಂದು ಫೋನ್ ಹಿಡಿದವನೂ ಅದೇ ಬಸ್ ಹತ್ತುತ್ತಾನೆ, ಈ ಸಲ ಗಿಟಾರ್ ಸಮೇತ. ಚಾಮರಾಜನಗರದವನಿಗೆ ರೈಲಾದರೂ ಇದೆ. ಗುಂಡ್ಲುಪೇಟೆಯವನಿಗೆ ಅದೂ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ, ಅದರ ಜೊತೆ ಪ್ರತ್ಯಕ್ಷಪ್ರಮಾಣವೂ ಉಚಿತವಾಗಿದೆ. ಆದ್ದರಿಂದ ಮನೆಯ ಹುಡುಗನಿಗೆ ಗಿಟಾರ್ ಬೇಕಾದರೆ ಅಕ್ಕನನ್ನು ಮೈಸೂರಿಗೆ ಕಳಿಸುವುದು ಲಾಭ. ಅವಳಿಗೆ ನುಡಿಸಲು ಬರುತ್ತಿದ್ದರೆ ಮೇಲಿನ ವಿಧಿಯೆಲ್ಲ ಸಾಂಗವಾಗಿ ನೆರವೇರುತ್ತದೆ. ಆ ಗಿಟಾರ್ ಆಮೇಲೆ ಅವನ ಕೈಗೆ ಸಿಗುತ್ತದೆಂದು ಮಾತ್ರ ಯಾವ ಪ್ರಮಾಣದಿಂದಲೂ ಸಾಧಿಸಲಾಗದು.