ಕ್ರಿಯಾಪದದ ಎಸ್: ಬಳಸುವ ವಿಧಾನ

ಪೆಟ್ಟಿಗೆ ತೆರೆದಾಗ ಗಾಬರಿಯಾಗಬೇಡಿ. ಒಳಗಿರುವುದು ಎಸ್ ಎಂಬ ಒಂದೇ ಬಿಡಿಭಾಗ. ಉಳಿದವು ದಾರಿಯಲ್ಲಿ ಕಳೆದುಹೋಗಿಲ್ಲ, ಇಂಗ್ಲಿಷಿನವರೇ ನೂರಾರು ವರ್ಷಗಳಲ್ಲಿ ಉದುರಿಸಿಕೊಂಡಿದ್ದಾರೆ. ಈ ಎಸ್ ಕೂಡ ಇಂಗ್ಲೆಂಡಿನ ಉತ್ತರದ ಆಡುಮಾತಿನಿಂದ ಬಂದ ಮಾಲು. 1611ರ ಬೈಬಲಿನಲ್ಲಿ ಇದರ ಜಾಗದಲ್ಲಿ 'ಎತ್' ಕೂತಿತ್ತು. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತವೆ ಎಂದು ನಿದ್ದೆಗಣ್ಣಿನಲ್ಲೂ ಬಾಲ ಬದಲಿಸುವ ನಮಗೆ ಇದು ಯಾವ ಮಹಾ, ಅನ್ನಿಸುತ್ತದೆ. ಎಡವುವುದು ಹಾಗೆ ಅನ್ನಿಸಿದ ಮರುಗಳಿಗೆಯೇ.

ಜೋಡಣೆ: ಮನೆಗೆಲ್ಲ ಒಂದೇ ಕೊಡೆ ಎಂದುಕೊಳ್ಳಿ. ಕರ್ತೃಪದ ಎಸ್ ಹಿಡಿದು ಹೊರಟರೆ ಕ್ರಿಯಾಪದ ನೆನೆಯಬೇಕು: ಬಾಯ್ಸ್ ರನ್. ಕರ್ತೃಪದ ಬಿಟ್ಟುಹೋದರೆ ಕೊಡೆ ಕ್ರಿಯಾಪದಕ್ಕೆ: ಬಾಯ್ ರನ್ಸ್. ಚಿಲ್ಡ್ರನ್, ಪೊಲೀಸ್ ಮನೆಗಳಲ್ಲಿ ಕೊಡೆಯೇ ಇಲ್ಲ, ಇಬ್ಬರೂ ನೆನೆಯುತ್ತಾರೆ. ನ್ಯೂಸ್, ಮ್ಯಾಥಮೆಟಿಕ್ಸ್ ಮನೆಗಳಲ್ಲಿ ಎರಡೆರಡು. ಭೂತಕಾಲದಲ್ಲಿ ಮಳೆಯೇ ಇಲ್ಲ; ವಾಸ್, ವರ್ ಇರುವಲ್ಲಿ ಮಾತ್ರ ತುಂತುರು.

ಎಚ್ಚರಿಕೆ: 'ಒನ್ ಆಫ್ ಮೈ ಫ್ರೆಂಡ್ಸ್' ಎಂಬಲ್ಲಿ ಕ್ರಿಯಾಪದಕ್ಕೆ ಒತ್ತಿಕೊಂಡು ನಿಂತವರು ಫ್ರೆಂಡ್ಸ್, ಯಜಮಾನ ಮಾತ್ರ ಆಚೆ ನಿಂತ ಒನ್. ಆದ್ದರಿಂದ ಈಸ್. ಫ್ರೆಂಡ್ಸ್‌ನ ಎಸ್ ಕಿತ್ತು ಲೆಕ್ಕ ಸರಿಮಾಡಲು ಹೋಗಬೇಡಿ. ನಮ್ಮ ಕಡೆಯ ಅರ್ಜಿಗಳಲ್ಲಿ ದಿನಾ ಆಗುವ ಅಪಘಾತ ಇದು.

'ಇಲ್ಲ' ಎನ್ನುವಾಗ ಇನ್ನೂ ಜೋಕೆ. ನಾನೂ ಬರುವುದಿಲ್ಲ, ಅವಳೂ ಬರುವುದಿಲ್ಲ, ಪಕ್ಕದ ಮನೆಯ ಎಮ್ಮೆಯೂ ಬರುವುದಿಲ್ಲ. ಕನ್ನಡದಲ್ಲಿ ಇಲ್ಲ ಎಂದರೆ ಮುಗಿಯಿತು, ಬಾಲಗಳಿಗೆಲ್ಲ ರಜೆ. ಇಂಗ್ಲಿಷು ಇಲ್ಲ ಎಂದವನನ್ನೂ ನಿಲ್ಲಿಸಿಕೊಂಡು 'ಯಾರು, ಎಷ್ಟು ಜನ?' ಎಂದು ವಿಚಾರಿಸುತ್ತದೆ: ಐ ಡೋಂಟ್, ಶಿ ಡಸಂಟ್. ಡಸ್ ಬಂದಮೇಲೆ ಎಸ್ ಅದರ ಹತ್ತಿರವೇ ಇರುತ್ತದೆ. 'ಡಸಂಟ್ ಕಮ್ಸ್' ಎಂದರೆ ಫ್ಯೂಸ್ ಹೋಗುತ್ತದೆ.

ಎಸ್ ಕಳೆದುಹೋದರೆ? ಇಂಗ್ಲೆಂಡಿನ ನಾರ್ಫಕ್ ಸೀಮೆಯ ಹಳೆಯ ಆಡುಮಾತಿನಲ್ಲಿ 'ಶಿ ಗೋ' ಎಂದೇ ಸಂಸಾರ ನಡೆದಿದೆ. ಪರೀಕ್ಷೆಯಲ್ಲಿ ಈ ವಾದ ಹೂಡಬೇಡಿ, ಅಂಕ ಬರುವುದಿಲ್ಲ.

ಕೊನೆಯದಾಗಿ, ಈ ಉಪಕರಣಕ್ಕೆ ಮರ್ಯಾದೆಯ ಗುಂಡಿ ಇಲ್ಲ. ಆರನೇ ಕ್ಲಾಸಿನಲ್ಲಿ ನಾನು 'ಅವರ್ ಹೆಡ್‌ಮಾಸ್ಟರ್ ಆರ್ ವೆರಿ ಸ್ಟ್ರಿಕ್ಟ್' ಎಂದು ಬರೆದಿದ್ದೆ. ಹೆಡ್‌ಮಾಸ್ಟ್ರು ಬರುತ್ತಾರೆ, ಬೈಯುತ್ತಾರೆ, ಹೋಗುತ್ತಾರೆ. ಒಬ್ಬರೇ ಆದರೂ ಬಹುವಚನ. ಇಂಗ್ಲಿಷ್ ಮೇಷ್ಟ್ರು ಕೆಂಪು ಪೆನ್ನಿನಲ್ಲಿ 'ಆರ್' ಹೊಡೆದುಹಾಕಿ, "ಎಷ್ಟು ಜನ ಹೆಡ್‌ಮಾಸ್ಟ್ರೋ ನಿಮ್ಮ ಸ್ಕೂಲಿಗೆ?" ಎಂದರು. ತಿದ್ದಿ ಹತ್ತು ಸಲ ಬರೆಯಬೇಕಿತ್ತು. ಮೊದಲನೇ 'ಈಸ್' ಬರೆದವನೇ, ಹೆಡ್‌ಮಾಸ್ಟ್ರೇನಾದರೂ ಕೇಳಿಸಿಕೊಂಡುಬಿಟ್ಟರೋ ಎಂದು ಬಾಗಿಲ ಕಡೆ ನೋಡಿದೆ.