ಪರದೆಗೆ ಪಾಟೀಸವಾಲಿಲ್ಲ

ಬೆನ್ನಿಗೆ ಚಿನ್ನದಕ್ಷರದಲ್ಲಿ ‘ಎಐಆರ್’ ಎಂದು ಇಸವಿ ಸಮೇತ ಅಚ್ಚಾದ ದಪ್ಪ ತೀರ್ಪು ಸಂಪುಟಗಳು ಸೂರು ಮುಟ್ಟುವಂತಿದ್ದರೆ, ಹಿಂದೆಲ್ಲ ಕಕ್ಷಿದಾರ ಫೀಸಿನಲ್ಲಿ ಚೌಕಾಸಿಗಿಳಿಯುತ್ತಿರಲಿಲ್ಲ. ವಕೀಲರ ಕಚೇರಿಗಳಲ್ಲಿ ಆ ಸಂಪುಟಗಳು ಈಗಲೂ ಇವೆ, ಕೆಲಸ ಮಾತ್ರ ಬದಲಾಗಿದೆ. ವಿಡಿಯೋ ಕಾನ್ಫರೆನ್ಸಿನಲ್ಲಿ ಹಾಜರಾಗುವಾಗ ವಕೀಲರ ಹಿಂದೆ ಅವು ಚೆಂದ ಕಾಣಬೇಕು. ಗುಮಾಸ್ತರು ಧೂಳು ಒರೆಸುವುದೂ ಕ್ಯಾಮೆರಾಕ್ಕೆ ಬೀಳುವ ಎರಡು ಸಾಲನ್ನಷ್ಟೇ.

ಹುಡುಕಾಟವೆಲ್ಲ ಮೊಬೈಲಿಗೆ ಇಳಿದು ಕಾಲವಾಯಿತು. 2008ರಲ್ಲಿ ಶುರುವಾದ ‘ಇಂಡಿಯನ್ ಕಾನೂನ್’ ತೀರ್ಪುಗಳನ್ನು ಪುಕ್ಕಟೆ ಓದಿಸಿತು. 2023ರಲ್ಲಿ ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನೇ ‘ಇ-ಎಸ್‌ಸಿಆರ್’ ಹೆಸರಿನಲ್ಲಿ ತೆರೆದಿಟ್ಟಿತು. ದೆಹಲಿಯ ಸೀನಿಯರಿಗೆ ಸಿಗುವುದೆಲ್ಲ ತಾಲ್ಲೂಕು ಕೋರ್ಟಿನ ಜೂನಿಯರಿಗೂ ಸಿಕ್ಕಿತು. ಕಕ್ಷಿದಾರನಿಗೂ ಸಿಕ್ಕಿತು ಎನ್ನುವುದೊಂದೇ ತಾಪತ್ರಯ. ‘ಸಾರ್, ನಮ್ಮ ಕೇಸಿಗೆ ಕರೆಕ್ಟಾಗಿ ಹೊಂದುತ್ತೆ ನೋಡಿ’ ಎಂದು ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಬರುತ್ತದೆ. ನೋಡಿದರೆ, ಹೊಂದುವುದು ನಿಜ, ಎದುರು ಪಾರ್ಟಿಗೆ.

ನನಗೆ ಸೋಜಿಗ ಬೇರೆ. ಕಾಂಪೌಂಡಿನ ಅಗಲ ಎಷ್ಟು ಎಂಬುದಕ್ಕೇ ಸಾಕ್ಷಿಯನ್ನು ಅರ್ಧ ದಿನ ಪಾಟೀಸವಾಲಿನಲ್ಲಿ ಬೆವರಿಳಿಸುವ ವಕೀಲರು, ಪರದೆಯ ಮೇಲೆ ಬಂದದ್ದಕ್ಕೆ ಒಂದು ಪ್ರಶ್ನೆಯನ್ನೂ ಹಾಕುವುದಿಲ್ಲ. ಇನ್ನೊಬ್ಬರ ಜಮೀನನ್ನು ವರ್ಷಗಟ್ಟಲೆ ಅನುಭವಿಸಿ ಹಕ್ಕು ಕೇಳುವ ಪ್ರತಿಕೂಲ ಸ್ವಾಧೀನದ ವಿಷಯವನ್ನೇ ತೆಗೆದುಕೊಳ್ಳಿ. ಅದನ್ನು ಪ್ರತಿವಾದಿ ಗುರಾಣಿಯಾಗಿ ಹಿಡಿಯಬಹುದೇ ವಿನಾ ಅದರ ಮೇಲೆ ವಾದಿ ದಾವೆ ಹೂಡುವಂತಿಲ್ಲ ಎಂದು ಗುರುದ್ವಾರ ಸಾಹಿಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2019ರಲ್ಲಿ ರವೀಂದರ್ ಕೌರ್ ಗ್ರೆವಾಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಳೆಯ ತೀರ್ಪು ಮಾತ್ರ ತನಗಾದ ಗತಿ ಬಾಯಿಬಿಡದೆ ಜಾಲದಲ್ಲಿ ಇನ್ನೂ ಠೀವಿಯಿಂದ ಕೂತಿದೆ. ಆಮೇಲೆ ಯಾರ್‍ಯಾರು ಅದನ್ನು ಉಲ್ಲೇಖಿಸಿದರು ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ಒತ್ತಲು ಬೆರಳಿಗೆ ಪುರುಸೊತ್ತಿಲ್ಲ.

ಅದಾದರೂ ಒಂದು ಕಾಲಕ್ಕೆ ಬದುಕಿದ್ದ ತೀರ್ಪು. ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯ ಮೇಲೆ ದಾವೆ ಹೂಡಿದ ವಕೀಲರೊಬ್ಬರು, ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳು ನಿಜವೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದರು. ಆರೋಪಿಯಿಂದಲೇ ಜಾಮೀನು ಬರೆಸಿಕೊಂಡ ಹಾಗೆ. ಅದು ನಿಜವೆಂದಿತು. ಒಂದೂ ನಿಜವಲ್ಲವೆಂದು ಬಯಲಾಗಿ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ನಾವೇನು ಹಿಂದೆ ಬೀಳುವವರೇ? 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡು, ಆ ಆದೇಶವನ್ನು ಹಿಂಪಡೆಯಬೇಕಾಯಿತು.

ಇನ್ನು ಭದ್ರತೆ. ತನ್ನ ಹೆಸರಿನಲ್ಲಿ ನಕಲಿ ಜಾಲತಾಣ ಎದ್ದಿದೆ, ಯಾರೂ ಅಲ್ಲಿ ವಿವರ ತುಂಬಬೇಡಿ ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಬೇಕಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅದರ ಯೂಟ್ಯೂಬ್ ಚಾನೆಲ್ಲಿಗೇ ಕನ್ನ ಬಿದ್ದು, ಸಂವಿಧಾನ ಪೀಠದ ಕಲಾಪ ಬರಬೇಕಾದಲ್ಲಿ ಕ್ರಿಪ್ಟೊ ಕರೆನ್ಸಿಯ ಜಾಹೀರಾತು ಬಂತು.

ಆದರೆ ನಮ್ಮ ಊರುಗಳ ಗುಟ್ಟು ಸೋರಲು ಕಳ್ಳ ರಷ್ಯಾದಿಂದ ಬರಬೇಕಾಗಿಲ್ಲ. ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆಡಹಬಾರದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಹೇಳುತ್ತದೆ. ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಗೆ ಆ ಕಲಮು ಗೊತ್ತಿಲ್ಲ. ಊರಿನ ವಿಚ್ಛೇದನ, ವಿಭಾಗ, ಚೆಕ್ ಬೌನ್ಸ್ ಎಲ್ಲವೂ ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅಕ್ಕಪಕ್ಕ ಮಲಗಿವೆ. ಅವಸರದಲ್ಲಿ ಹೊರಟ ವಕೀಲರ ವಾಟ್ಸ್ಆ್ಯಪ್ ವೆಬ್ ಅಲ್ಲಿ ಸಂಜೆವರೆಗೂ ತೆರೆದೇ ಇರುತ್ತದೆ. ಅಂಗಡಿಯ ಹುಡುಗ ಒಳ್ಳೆಯವನು, ಉಪಕಾರಿ. ಮೊನ್ನೆ ಜೂನಿಯರೊಬ್ಬರು ಮಧ್ಯಂತರ ಅರ್ಜಿ ಪ್ರಿಂಟಿಗೆ ಕೊಟ್ಟಾಗ ದಾವೆ ನಂಬರು ನೋಡಿ ಕೇಳಿದ: ‘ಸಾರ್, ಇದೇ ಕೇಸಿನ ಎದುರು ಪಾರ್ಟಿದು ಆಬ್ಜೆಕ್ಷನ್ ಬೆಳಿಗ್ಗೆನೇ ರೆಡಿಯಾಗಿದೆ. ಅದರದ್ದೂ ಒಂದು ಕಾಪಿ ಹಾಕ್ಲಾ?’